ಮಿಷಿನ್ ಹಾಕೋ ಮುಂಚೆ ಒಂದು ಕೂಗು

ಇವತ್ತು ಬೆಳಿಗ್ಗೆಯಿಂದ ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿದೆ, ಉಕ್ಕಿಸಿದೆ, ಒಲೆ ಒರೆಸಿದೆ. ನಮ್ಮನೆಯವರಿಗೆ ಚಿತ್ರಾನ್ನ ಕಟ್ಟಿ ಕೆಜಿಎಫ್ ಕಡೆಯ ಮಾರಿಕುಪ್ಪಂ ರೈಲಿಗೆ ಕಳಿಸಿದೆ. ಅತ್ತೆಯ ಮಂಡಿಗೆ ಎಣ್ಣೆ ನೀವಿದೆ. ನೆನೆಹಾಕಿದ್ದ ಹುರುಳಿಕಾಳನ್ನು ಬಸಿದು ಮೊಳಕೆಗೆ ಕಟ್ಟಿದೆ. ಎರಡು ಬೆಡ್‌ಶೀಟ್ ಒಗೆದು ಹಾಕಿದೆ. ಒಂದು ಹಾರಿ ಪಕ್ಕದ ಮನೆಯ ನುಗ್ಗೆಮರದ ಮೇಲೆ ಕೂತಿತು, ಕೋಲು ಹಿಡಿದು ಇಳಿಸಿಕೊಂಡೆ. ಒಂದು ನಾಮಕರಣದ ಕಾರ್ಡು ಟೈಪ್ ಮಾಡಿ ಏಳು ಸಲ ಸೇವ್ ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಬೂದಿಕೋಟೆ ಕಡೆ ಹೋಗಿ, ಅದುವರೆಗೆ ಮುಖ ಕಂಡಿರದ ಒಬ್ಬರ ಜಗಲಿಯ ಮೇಲೆ ಕಳ್ಳಿಯಂತೆ ಕೂತು ಬಂದೆ. ಬಂದವಳೇ ಕೈಕಾಲು ತೊಳೆದು, ಯಾರ ಮೇಲಿನ ಸಿಟ್ಟೋ ಏನೋ, ಕಂಪ್ಯೂಟರ್ ಮೇಜಿನ ಕೆಳಗಿರುವ ಯುಪಿಎಸ್ಸಿನ ಧೂಳು ಒರೆಸಿದೆ.

ಯುಪಿಎಸ್ ಎಂದರೇನೆಂದು ತಿಳಿಯದ ಪುಣ್ಯವಂತರು ಇನ್ನೂ ಇದ್ದಾರೆಂದು ನಂಬಿ ಹೇಳುತ್ತೇನೆ. ಅದು ಚಪ್ಪಲಿ ಡಬ್ಬಿಯಷ್ಟು ದೊಡ್ಡದು, ಒರಳುಕಲ್ಲಿನಷ್ಟು ಭಾರ. ಮುಂದುಗಡೆ ಒಂದು ಹಸಿರು ದೀಪ. ಕರೆಂಟು ಹೋದಾಗ ಕಂಪ್ಯೂಟರನ್ನು ಹತ್ತು ನಿಮಿಷ ಆರದಂತೆ ಹಿಡಿದಿಟ್ಟುಕೊಳ್ಳುವುದು, ಅಷ್ಟರಲ್ಲಿ ನಾವು ಮಾಡಿದ ಕೆಲಸವನ್ನು ಸೇವ್ ಮಾಡಿಕೊಳ್ಳುವುದು, ಇದು ಒಪ್ಪಂದ. ನಮ್ಮ ಮನೆಯದು ಮೊದಲ ವರ್ಷ ಹತ್ತು ನಿಮಿಷ ಹಿಡಿಯಿತು, ಎರಡನೆಯ ವರ್ಷ ನಾಲ್ಕು, ಆಮೇಲೆ ನಾನು ಕುರ್ಚಿಯಿಂದ ಎದ್ದು ನಿಲ್ಲುವಷ್ಟು. ಈಗ ಕರೆಂಟು ಹೋದರೆ ‘ಕುಂಯ್’ ಎಂದು ಒಂದು ಸಲ ಅಂದು ಕಂಪ್ಯೂಟರಿಗಿಂತ ಮುಂಚೆ ತಾನೇ ಮಲಗುತ್ತದೆ. ಕರೆಂಟು ಇರುವಾಗ ಮಾತ್ರ ಹಸಿರು ದೀಪ ಹತ್ತಿಸಿಕೊಂಡು, ಎಲ್ಲವೂ ತನ್ನಿಂದಲೇ ನಡೆಯುತ್ತಿದೆ ಎನ್ನುವ ಮುಖದಲ್ಲಿ ಕೂತಿರುತ್ತದೆ. ಅಂಥ ಜನರನ್ನು ನಾನು ಮದುವೆ ಮನೆಗಳಲ್ಲಿ ಬಹಳ ನೋಡಿದ್ದೇನೆ.

ಇಂಥ ಡಬ್ಬಿಗಳ ಮೇಲಿನ ನಮ್ಮ ವಂಶದ ನಂಬಿಕೆ ಇಂದಿನದಲ್ಲ. ಆಂಡರ್ಸನ್‌ಪೇಟೆಯ ತವರುಮನೆಯಲ್ಲಿ ಟಿವಿ ಬಂದಾಗ ಅದರ ಜೊತೆ ಒಂದು ಸ್ಟೆಬಿಲೈಸರ್ ಬಂತು. ಅದಕ್ಕೊಂದು ತಿರುಗಿಸುವ ಗುಂಡಿ, ಗಾಜಿನೊಳಗೆ ನಡುಗುವ ಒಂದು ಕೆಂಪು ಮುಳ್ಳು. ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ನಮ್ಮಪ್ಪ ಟಿವಿ ನೋಡಿದ್ದನ್ನು ನಾನು ಕಂಡಿಲ್ಲ. ಅವರು ಮುಳ್ಳು ನೋಡುತ್ತಿದ್ದರು. ಸಂಜೆ ಪೇಟೆಯ ದೀಪಗಳೆಲ್ಲ ಹತ್ತಿದ ಕೂಡಲೇ ಮುಳ್ಳು ಕೆಳಗೆ ಬೀಳುತ್ತಿತ್ತು. ಅಪ್ಪ ಗುಂಡಿಯನ್ನು ‘ಟಕ್’ ಎಂದು ಒಂದು ಮನೆ ಮೇಲಕ್ಕೆ ತಿರುಗಿಸುತ್ತಿದ್ದರು. ಅಂಗಡಿಗಳ ಬಾಗಿಲು ಇಳಿಯುವ ಹೊತ್ತಿಗೆ ಮುಳ್ಳು ಮೇಲಕ್ಕೆ ಹಾರುತ್ತಿತ್ತು, ಅದರ ಜೊತೆ ಅಪ್ಪನೂ ಹಾರುತ್ತಿದ್ದರು. ತೆರೆಯ ಮೇಲೆ ಯಾರು ಸತ್ತರು ಯಾರು ಕೂಡಿದರು ಎಂದು ನಾವು ಅತ್ತು ಕರೆದರೆ, ಅಪ್ಪ ‘ಇನ್ನೂರ ಮೂವತ್ತು, ಪರವಾಗಿಲ್ಲ’ ಎನ್ನುತ್ತಿದ್ದರು. ಒಂದು ದಿನ ಶೀತವಾಗಿ ಅವರು ಕಂಬಳಿಯೊಳಗೆ ತಲೆ ಹಾಕಿ ನೀಲಗಿರಿ ಎಣ್ಣೆಯ ಆವಿ ತೆಗೆದುಕೊಳ್ಳುತ್ತಿದ್ದಾಗ, ಆ ಹತ್ತೇ ನಿಮಿಷ ನೋಡಿಕೊಂಡು, ಸ್ಟೆಬಿಲೈಸರ್ ಹೊಗೆ ಬಿಟ್ಟಿತು. ಆವಿ ಯಾವುದು ಹೊಗೆ ಯಾವುದು ಎಂದು ನಮಗೆ ಗೊತ್ತಾಗುವಷ್ಟರಲ್ಲಿ ಅದರ ಕಥೆ ಮುಗಿದಿತ್ತು. ಟಿವಿಗೆ ಏನೂ ಆಗಲಿಲ್ಲ. ‘ನೋಡಿದಿರಾ, ತಾನು ಹೋಗಿ ಟಿವಿ ಉಳಿಸಿತು’ ಎಂದು ಅಪ್ಪ ಕಣ್ಣೊರೆಸಿಕೊಂಡು, ಆಮೇಲಿನ ಎಷ್ಟೋ ಆಯುಧಪೂಜೆಗಳಲ್ಲಿ ಆ ಸುಟ್ಟ ಡಬ್ಬಿಗೆ ಕುಂಕುಮ ಇಟ್ಟರು.

ಅದೇ ಅಪ್ಪ, ಕೆಜಿಎಫ್‌ನ ಹಳಬರೆಲ್ಲರ ಹಾಗೆ, ಹೊರಗಿನವರು ಸಿಕ್ಕರೆ ಸಾಕು, ‘ಬೆಂಗಳೂರಿಗೆ ಕರೆಂಟು ಬರೋ ಮುಂಚೆ ನಮಗೆ ಬಂತು, ಗೊತ್ತಾ?’ ಎಂದು ಎದೆಯುಬ್ಬಿಸುತ್ತಿದ್ದರು. ಬಂದ ವಿಚಾರ ಸರಿ. ಬಂದದ್ದು ಆಮೇಲೆ ಎಷ್ಟು ಸಲ ಹೋಯಿತು ಎಂಬ ಲೆಕ್ಕವನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಾನು ಟೈಪಿಂಗ್ ಕಲಿತದ್ದೂ ಆಂಡರ್ಸನ್‌ಪೇಟೆಯಲ್ಲೇ. ಸಾಲಾಗಿ ಹನ್ನೆರಡು ಟೈಪ್‌ರೈಟರ್, ಹನ್ನೆರಡು ಹುಡುಗಿಯರು, ಒಬ್ಬರು ಮೇಷ್ಟ್ರು. ಕರೆಂಟು ಹೋದರೆ ಮೇಷ್ಟ್ರು ಕಿಟಕಿ ಪರದೆ ಸರಿಸುತ್ತಿದ್ದರು, ಅಷ್ಟೇ. ಟಕಟಕ ನಿಲ್ಲುತ್ತಿರಲಿಲ್ಲ. ಹೊಡೆದ ಅಕ್ಷರ ಕಾಗದದ ಮೇಲೆ ಇರುತ್ತಿತ್ತು. ಅದನ್ನು ಅಳಿಸಲು ನಮಗೇ ಆಗುತ್ತಿರಲಿಲ್ಲ, ಇನ್ನು ಕರೆಂಟು ಏನು ಅಳಿಸೀತು. ಆ ವಿದ್ಯೆಯನ್ನು ನಂಬಿ ಮದುವೆಯಾಗಿ ಬಂಗಾರಪೇಟೆಗೆ ಬಂದೆ. ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನಿಂದ ನಮ್ಮನೆಯವರು ಹಳೆಯ ಕಂಪ್ಯೂಟರ್ ತಂದುಕೊಟ್ಟರು. ಅಂದಿನಿಂದ ಸ್ಟೇಷನ್ ಹತ್ತಿರದ ಒಂದು ಪ್ರೆಸ್ಸಿಗೆ ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಕಾರ್ಡುಗಳನ್ನು ಮನೆಯಲ್ಲೇ ಕೂತು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಟೈಪ್ ಮಾಡಿಕೊಡುತ್ತೇನೆ. ಈ ಕಡೆ ಮದುವೆ ಕಾರ್ಡೆಂದರೆ ಮುಹೂರ್ತ ತಿಳಿಸುವ ಕಾಗದವಲ್ಲ. ಅಜ್ಜ ಅಜ್ಜಿಯಿಂದ ಹಿಡಿದು ಮೊನ್ನೆ ಹುಟ್ಟಿದ ಮಗುವಿನವರೆಗೆ ನಲವತ್ತು ಹೆಸರು, ಯಾರ ಹೆಸರು ಯಾರ ಮೇಲೆ ಎಂಬ ಯುದ್ಧ, ಎಲ್ಲ ಮುಗಿದ ಮೇಲೆ ಉಳಿದ ಜಾಗದಲ್ಲಿ ಮುಹೂರ್ತ.

ಕಂಪ್ಯೂಟರ್ ಬಂದ ವಾರದಿಂದಲೇ ಅದು ನಡುವೆ ನಡುವೆ ಕಣ್ಣು ಮುಚ್ಚಿ ತೆರೆಯತೊಡಗಿತು. ಕಣ್ಣು ತೆರೆದಾಗ ನಾನು ಹೊಡೆದದ್ದು ಯಾವುದೂ ಇರುತ್ತಿರಲಿಲ್ಲ. ತಾನಾಗಿಯೇ ಸೇವ್ ಆಗುವುದಿಲ್ಲವೇ ಎಂದು ಕೇಳುವವರಿಗೆ ಹೇಳುತ್ತೇನೆ: ನನ್ನ ಹಳೆಯ ಕನ್ನಡ ತಂತ್ರಾಂಶಕ್ಕೆ ಅಷ್ಟು ಸಂಸ್ಕಾರವಿಲ್ಲ. ಸಲಹೆ ಕೊಡುವವರಿಗೇನು ಬರ. ನಮ್ಮನೆಯವರು ಕೆಜಿಎಫ್‌ನ ಫ್ಯಾಕ್ಟರಿಯಲ್ಲಿ ಆನೆಗಿಂತ ದೊಡ್ಡ ಯಂತ್ರಗಳಿಗೆ ಬೋಲ್ಟು ಬಿಗಿಯುತ್ತಾರೆ. ಆದ್ದರಿಂದ ಮನೆಯ ಫ್ಯೂಸು ಕಟ್ಟುವುದು ತಮ್ಮ ಘನತೆಗೆ ಕಡಿಮೆ ಎಂದು ತಿಳಿದಿದ್ದಾರೆ. ಅವರು ಮೊದಲು ಫ್ರಿಜ್ಜಿನ ಸ್ಟೆಬಿಲೈಸರ್ ಕಿತ್ತು ಕಂಪ್ಯೂಟರಿಗೆ ಹಾಕಿದರು. ಕಂಪ್ಯೂಟರ್ ಕಣ್ಣು ಮುಚ್ಚುವುದು ನಿಲ್ಲಲಿಲ್ಲ, ಹಾಲು ಒಡೆಯಿತು. ಆಮೇಲೆ ಕೆಂಪು ದೀಪದ ಉದ್ದ ಪ್ಲಗ್ಗಿನ ಪಟ್ಟಿ ಬಂತು. ಆಮೇಲೆ ಈ ಯುಪಿಎಸ್. ಎರಡು ವರ್ಷ ಕಳೆದು ಅದೂ ಕೈಕೊಟ್ಟಾಗ ಆಂಡರ್ಸನ್‌ಪೇಟೆಯಿಂದ ಎಲೆಕ್ಟ್ರಿಷಿಯನ್ ಸೆಲ್ವಂನನ್ನು ಕರೆಸಿದೆ. ಅವನು ಟೆಸ್ಟರ್ ಹಿಡಿದು ಮನೆಯೆಲ್ಲ ಸುತ್ತಿ, ವೈದ್ಯರು ಕೈಬಿಟ್ಟಾಗ ಮಾಡುವ ಮುಖ ಮಾಡಿದ.

‘ಅಕ್ಕಾ, ನಿಮ್ಮನೇಲಿ ಅರ್ತೇ ಇಲ್ಲ.’

‘ಪ್ಲಗ್ಗಲ್ಲಿ ಮೂರು ತೂತು ಇದ್ಯಲ್ಲಪ್ಪ?’

‘ಇದೆ. ಮೇಲಿನ ತೂತು ಸುಮ್ಮಾ ಶೋಕಿಗೆ. ಒಳಗೆ ವೈರೇ ಇಲ್ಲ, ಬಂದು ಪಾರುಂಗೊ.’

ನೋಡಿದೆ. ಇರಲಿಲ್ಲ. ಮನೆ ಕಟ್ಟಿದಾಗಿನಿಂದ ನಾವು ಆ ಶೋಕಿಗೇ ಪ್ಲಗ್ಗು ಚುಚ್ಚಿಕೊಂಡು ಬಂದಿದ್ದೆವು. ಕಂಪ್ಯೂಟರ್ ಡಬ್ಬಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದ್ದದ್ದು ನನ್ನ ನರದೌರ್ಬಲ್ಯ ಎಂದು ನಮ್ಮನೆಯವರು ತಂದುಕೊಟ್ಟ ಟಾನಿಕ್ಕನ್ನು ಎರಡು ಬಾಟಲಿ ಕುಡಿದಿದ್ದೆ. ಸೋರುವ ಕರೆಂಟನ್ನು ಭೂಮಿಗೆ ಇಳಿಸುವ ಅರ್ತಿಗೆಂದು ಸೆಲ್ವಂ ಹಿತ್ತಿಲಲ್ಲಿ ಸೊಂಟದುದ್ದ ಗುಂಡಿ ತೋಡಿ, ಪೈಪು ನಿಲ್ಲಿಸಿ, ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ಎಂದು ತುಂಬಿಸತೊಡಗಿದ. ಅತ್ತೆ ಕೋಲೂರಿಕೊಂಡು ಬಂದು ಬಗ್ಗಿ ನೋಡಿದರು.

‘ಉಪ್ಪು, ಇದ್ಲು ಆಕಿ ಗುಂಡಿ ಮುಚ್ತಾವನಲ್ಲೇ ಶಾರ್ದಾ, ಯಾರ್ಗೆ ಮಾಟ ಮಾಡ್ಸ್ತಿದ್ದೀಯೇ?’

‘ಕರೆಂಟಿಗೆ ಅತ್ತೆ.’

‘ಅದ್ಕೆ ತಗುಲ್ತದಾ?’

ತಗುಲಲಿಲ್ಲ. ದಿನಾ ಒಂದು ಕೊಡ ನೀರು ಹಾಕಬೇಕು ಎಂದಿದ್ದ, ಹಾಕಿದೆ. ಉಪ್ಪಿನ ವಾಸನೆಗೆ ಹಿಂದಿನ ಮನೆಯ ಕರು ಹಗ್ಗ ಬಿಡಿಸಿಕೊಂಡು ಬಂದು ಗುಂಡಿಯ ಬಾಯಿ ನೆಕ್ಕತೊಡಗಿತು. ಅದನ್ನು ಓಡಿಸುವುದೂ ನನ್ನ ದಿನದ ಕೆಲಸದ ಪಟ್ಟಿಗೆ ಸೇರಿತು. ಕೈ ಜುಮ್ಮೆನ್ನುವುದು ನಿಂತದ್ದು ನಿಜ. ಕಂಪ್ಯೂಟರ್ ಮಾತ್ರ ಮೊದಲಿನಂತೆಯೇ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಸೆಲ್ವಂಗೆ ಫೋನು ಮಾಡಿದರೆ, ‘ಅರ್ತು ಶಾಕ್ ಹೊಡೀದೇ ಇರೋಕೆ ಅಕ್ಕಾ, ವೋಲ್ಟೇಜ್ ಬಿದ್ರೆ ನಾನೇನ್ ಮಾಡ್ಲಿ?’ ಎಂದ. ಈ ಮಾತನ್ನು ಗುಂಡಿ ತೋಡುವ ಮುಂಚೆ ಹೇಳಲು ಅವನಿಗೇನಾಗಿತ್ತು ಎಂದು ಕೇಳಬೇಕೆನ್ನುವಷ್ಟರಲ್ಲಿ ಸಿಗ್ನಲ್ಲು ಹೋಯಿತು.

ವೋಲ್ಟೇಜು ಎಲ್ಲಿ ಬೀಳುತ್ತದೆಂದು ಕಂಡುಹಿಡಿದದ್ದು ಅತ್ತೆ. ನಮ್ಮ ಗೋಡೆಗೆ ಗೋಡೆ ಅಂಟಿಕೊಂಡು ನಾರಾಯಣಸ್ವಾಮಿಯ ಹಿಟ್ಟಿನ ಮಿಷಿನ್ನು. ಬಂಗಾರಪೇಟೆಯ ಅರ್ಧ ಊರಿನ ರಾಗಿ ಅಲ್ಲಿ ಹಿಟ್ಟಾಗುತ್ತದೆ. ಅವನು ಮೋಟಾರು ಹಾಕಿದ ಕ್ಷಣ ನಮ್ಮ ಮನೆಯ ಬಲ್ಬು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ, ಫ್ಯಾನು ಆಕಳಿಸುತ್ತದೆ, ಕಂಪ್ಯೂಟರ್ ಕಣ್ಣು ಮುಚ್ಚುತ್ತದೆ. ಇಷ್ಟು ದಿನ ನಾನು ತೆರೆಯ ಮೇಲೆ ಕಣ್ಣಿಟ್ಟವಳು ಬಲ್ಬು ನೋಡಿರಲಿಲ್ಲ. ಅತ್ತೆಗೆ ನೋಡಲು ಬೇರೇನೂ ಇರಲಿಲ್ಲ. ನಾನು ಸೆರಗು ಬಿಗಿದು ಜಗಳಕ್ಕೆ ಹೋದೆ. ನಾರಾಯಣಸ್ವಾಮಿ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಬಹಳ ಸಮಾಧಾನವಾಗಿ ಹೇಳಿದ:

‘ಕಂಪ್ಯೂಟ್ರು ನಿಮ್ದು, ಮಿಷಿನ್ನು ನಂದು ಅಕ್ಕೋ. ಎರ್ಡೂ ಕರೆಂಟ್ ಕುಡ್ಯೋವೇ. ನಂದು ವಸಿ ಜಾಸ್ತಿ ಕುಡೀತದೆ, ಅಷ್ಟೇಯ.’

ಆಗ ಹಿಂದಿನಿಂದ ಅತ್ತೆ ಕೇಳಿದರು: ‘ಏನ್ಲಾ ನಾರಾಣ್ಸಾಮಿ, ಮಿಷಿನ್ ಆಕೋ ಮುಂಚೆ ಒಂದ್ ಕೂಗು ಕೂಗೋಕೆ ನಿನ್ ಬಾಯೇನ್ ಬಿದ್ದೋಗೈತಾ?’

ಅಷ್ಟೇ ನೋಡಿ. ಸ್ಟೆಬಿಲೈಸರ್, ಪಟ್ಟಿ, ಯುಪಿಎಸ್, ಉಪ್ಪು ಇದ್ದಿಲಿನ ಗುಂಡಿ ಎಲ್ಲವೂ ಸೇರಿ ಮಾಡಲಾಗದ್ದನ್ನು ಒಂದು ಕೂಗು ಮಾಡಿತು. ಅಂದಿನಿಂದ ಅವನು ಗೋಡೆಯಾಚೆಯಿಂದ ‘ಆಕ್ತೀನಿ ಅಕ್ಕೋ!’ ಎನ್ನುವುದು, ನಾನು ‘ತಾಳಪ್ಪೋ!’ ಎಂದು ಸೇವ್ ಮಾಡಿ ‘ಆಕ್ಕೋ!’ ಎನ್ನುವುದು, ಮಿಷಿನ್ನು ಗುಡುಗುವುದು. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ. ರಾಗಿ ಡಬ್ಬಿ ಹೊತ್ತು ಬಂದ ಹೆಂಗಸರಿಗೂ ಈ ಪದ್ಧತಿ ತಿಳಿದುಹೋಗಿದೆ. ಕಂಪ್ಯೂಟರನ್ನು ಹತ್ತಿರದಿಂದ ನೋಡಿರದವರೂ ‘ಬೇಗ ಸೇವ್ ಮಾಡಕ್ಕಾ, ಮುದ್ದೆಗೆ ಎಸರಿಟ್ಟು ಬಂದಿವ್ನಿ’ ಎಂದು ಗೋಡೆಯಾಚೆಯಿಂದ ಕೂಗುತ್ತಾರೆ. ಈ ಏರ್ಪಾಡಿನ ಬಗ್ಗೆ ನನಗೆ ಎಷ್ಟು ಜಂಬ ಬಂದಿತ್ತೆಂದರೆ, ಲ್ಯಾಪ್‌ಟಾಪ್ ಕೊಳ್ಳಿ ಎಂದು ಬುದ್ಧಿ ಹೇಳಿದ ನಾದಿನಿಗೆ, ‘ನಮ್ಮ ಬ್ಯಾಟರಿ ಪಕ್ಕದ ಮನೆಯಲ್ಲಿದೆ’ ಎಂದಿದ್ದೆ.

ಇಂಥ ಮಾತನ್ನು ಆಡಿದವರನ್ನು ಕರೆಂಟು ಸುಮ್ಮನೆ ಬಿಡುವುದಿಲ್ಲ.

ಎರಡು ಬೀದಿ ಆಚೆಯ ರತ್ನಮ್ಮ, ಗೋಪಾಲಪ್ಪ ದಂಪತಿಯ ಮಗಳಿಗೆ ಮದುವೆ. ಕಾರ್ಡು ನನ್ನ ಕೈಯಲ್ಲಿತ್ತು. ರತ್ನಮ್ಮನ ಅಣ್ಣ ಮುನಿವೆಂಕಟಪ್ಪನವರು ಬೂದಿಕೋಟೆಯ ಆಚೆ ಬೇಸಾಯ ಮಾಡಿಕೊಂಡಿದ್ದಾರೆ. ಹನ್ನೊಂದು ವರ್ಷದಿಂದ ಅಣ್ಣ ತಂಗಿಗೆ ಮಾತಿಲ್ಲ. ಕಾರಣವೂ ಕಾರ್ಡೇ. ತಮ್ಮ ಗೃಹಪ್ರವೇಶಕ್ಕೆ ಗೋಪಾಲಪ್ಪ ಖುದ್ದಾಗಿ ಹೋಗಿ ಕುಂಕುಮ ಇಟ್ಟು ಕರೆಯುವ ಬದಲು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಾರ್ಡು ಕಳಿಸಿದ್ದರು. ಈಗ ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ದೊಡ್ಡವರು ನಡುವೆ ನಿಂತು ಮಾತಾಡಿ, ಕೊನೆಗೆ ಮುನಿವೆಂಕಟಪ್ಪನವರು ಒಂದು ಮಾತು ಕೊಟ್ಟರಂತೆ: ಕಾರ್ಡಲ್ಲಿ ಸೋದರಮಾವನ ಜಾಗದಲ್ಲಿ ನನ್ನ ಹೆಸರು ಬಿದ್ದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ. ಆ ಸುದ್ದಿಯನ್ನು ರತ್ನಮ್ಮ ಫೋನಿನಲ್ಲಿ ಹೇಳಿದಳು. ‘ಎಸರು ದಪ್ಪಕ್ಕೆ ಬರ್ಲಿ ಶಾರದಮ್ಮ, ಒಂದ್ ಗೆರೆ ಪೂರ್ತಿ ಅವ್ನಿಗೇ ಬುಟ್ಬುಡು’ ಎಂದಳು. ನಾನು ಆಗಲೇ ಕೂತು, ಉಳಿದ ಹೆಸರುಗಳನ್ನೆಲ್ಲ ಸೇವ್ ಮಾಡಿಟ್ಟಿದ್ದ ಕಾರ್ಡಿನಲ್ಲಿ ‘ಸೋದರಮಾವ’ ಎಂದು ಹೊಡೆದು, ಅದರ ಕೆಳಗೆ ಹೆಸರು ದಪ್ಪಕ್ಷರದಲ್ಲಿ ಹೊಡೆದು, ನಾಲ್ಕು ಸಲ ಅತ್ತಿತ್ತ ಸರಿಸಿ, ಚೆಂದ ನೋಡಿ, ಹಾಲಿನ ವಾಸನೆ ಬಂತೆಂದು ಅಡುಗೆಮನೆಗೆ ಓಡಿದೆ.

ಆ ಹೊತ್ತಿನಲ್ಲಿ ಗೋಡೆಯಾಚೆ ನಾರಾಯಣಸ್ವಾಮಿ ಕೂಗಿದ್ದಾನೆ. ನನಗೆ ಕೇಳಿಸಲಿಲ್ಲ. ಮಿಷಿನ್ ಮನೆಯ ಕಟ್ಟೆಯ ಮೇಲೆ ರಾಗಿ ಡಬ್ಬಿ ಇಟ್ಟುಕೊಂಡು ಕೂತಿದ್ದವರು ನಮ್ಮ ಅತ್ತೆಯೇ. ಮಧ್ಯಾಹ್ನದ ಮುದ್ದೆಗೆ ಮನೆಯಲ್ಲಿ ಹಿಟ್ಟಿರಲಿಲ್ಲ. ಅವರು ಒಂದು ಕ್ಷಣ ಕಾದು, ‘ಆಕ್ಕೋ ಬುಡಪ್ಪ, ಅವ್ಳು ಯಾವಾಗ್ಲೋ ಮಾಡ್ಕೊಂಡವ್ಳೆ’ ಎಂದಿದ್ದಾರೆ.

ನಾನು ಬಂದಾಗ ಕಂಪ್ಯೂಟರ್ ಆಗತಾನೇ ಕಣ್ಣು ತೆರೆಯುತ್ತಿತ್ತು. ಕೂಗಿಗೆ ಉತ್ತರ ಸಿಗದೆ ಅವನು ಮಿಷಿನ್ ಹಾಕುವವನಲ್ಲ, ಉತ್ತರ ಕೊಡುವವಳು ನಾನೊಬ್ಬಳೇ. ಆದ್ದರಿಂದ ಓಡುವ ಗಡಿಬಿಡಿಯಲ್ಲಿ ನಾನೇ ಸೇವ್ ಮಾಡಿ ‘ಆಕ್ಕೋ’ ಎಂದಿರಬೇಕು, ನೆನಪಿಲ್ಲ ಅಷ್ಟೇ. ತರ್ಕ ಚೆನ್ನಾಗಿಯೇ ಇತ್ತು. ಕಾರ್ಡು ತೆರೆದೆ. ನಲವತ್ತು ಹೆಸರು ಸಾಲಾಗಿ ನಗುತ್ತಿದ್ದವು. ಅಷ್ಟು ಜನರ ನಡುವೆ ಒಬ್ಬರು ಇಲ್ಲದ್ದು ಯಾರಿಗೆ ಕಾಣುತ್ತದೆ. ಮೂರು ಕಾಗುಣಿತ ತಿದ್ದಿ, ಪೆನ್ ಡ್ರೈವಿಗೆ ಹಾಕಿ ಪ್ರೆಸ್ಸಿಗೆ ಕಳಿಸಿದೆ. ಅಲ್ಲಿ ಗೋಪಾಲಪ್ಪ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಕರಡು ನೋಡಿ, ‘ದೇವ್ರು ವಸಿ ಸಣ್ಣುಕ್ ಬಂದವ್ನೆ’ ಎಂಬ ಒಂದೇ ತಪ್ಪು ಕಂಡುಹಿಡಿದರಂತೆ. ದೇವರನ್ನು ದೊಡ್ಡದು ಮಾಡಿ ಅಚ್ಚು ಹಾಕಿದರು.

ನಿನ್ನೆ ಮಧ್ಯಾಹ್ನ ರತ್ನಮ್ಮ ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು, ಕಾರ್ಡನ್ನು ಬಿಡಿಸಿ ನನ್ನ ಕೀಬೋರ್ಡಿನ ಮೇಲೆ ಇಟ್ಟು ಕೇಳಿದಳು:

‘ನಮ್ಮಣ್ಣ ಎಲ್ಲಿ?’

ನಾನು ಮೇಲಿನಿಂದ ಕೆಳಗೆ ಓದಿದೆ. ಕೆಳಗಿನಿಂದ ಮೇಲೆ ಓದಿದೆ. ಮೊನ್ನೆ ಹುಟ್ಟಿದ ಮಗು ಕೂಡ ಇತ್ತು, ಮುನಿವೆಂಕಟಪ್ಪನವರು ಇರಲಿಲ್ಲ. ಅರ್ಧಕ್ಕರ್ಧ ಕಾರ್ಡು ಆಗಲೇ ಊರೂರಿಗೆ ಹೋಗಿತ್ತು. ಅವರ ಮನೆಗೂ ಹೋಗಿತ್ತು. ಹೊಸದಾಗಿ ಅಚ್ಚು ಹಾಕಿಸಿದರೂ ಹೋದ ಕಾರ್ಡು ಹಿಂದೆ ಬರುವುದಿಲ್ಲ. ಮೂಲೆಯಲ್ಲಿ ಕೂತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡು, ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿ, ‘ಆಕ್ಕೋ ಅಂದಿದ್ದು ನಾನೇ ಕಣಮ್ಮ’ ಎಂದರು. ಎಂಬತ್ತು ದಾಟಿದವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅದೂ ಅಲ್ಲದೆ, ಆ ಹಿಟ್ಟಿನ ಮುದ್ದೆಯನ್ನು ಅಂದು ಎರಡು ಉಂಡವಳು ನಾನು.

‘ನೀನೇ ಬಂದು ಅವ್ನಿಗೆ ಏಳ್ಬೇಕು. ನಾ ಏಳಿದ್ರೆ ಕಥೆ ಕಟ್ತಾವ್ಳೆ ಅಂತಾನೆ’ ಎಂದಳು ರತ್ನಮ್ಮ.

ಹ್ಞೂಂ ಎಂದೆ. ಇವತ್ತು ಅವಳ ಜೊತೆ ಬಸ್ಸು ಹತ್ತಿದ ಮೇಲೆ ನನಗೆ ಹೊಳೆದದ್ದು, ನಾನು ಹೇಳಬೇಕಾಗಿರುವುದು ನಮ್ಮ ತಾಲೂಕಿನ ಅತ್ಯಂತ ಸವೆದುಹೋದ ಸುಳ್ಳು ಎಂದು. ರವಿಕೆ ಹೊಲಿಯದ ಟೈಲರು ಹೇಳುವುದು ‘ಕರೆಂಟಿರಲಿಲ್ಲ’. ಅರ್ಜಿ ತೆಗೆದುಕೊಳ್ಳದ ಗುಮಾಸ್ತ ಹೇಳುವುದೂ ಅದೇ. ಮಧ್ಯಾಹ್ನ ನಿದ್ದೆ ಹತ್ತಿ ಕಾರ್ಡು ಮುಗಿಸದ ದಿನ ಪ್ರೆಸ್ಸಿನವರಿಗೆ ನಾನು ಹೇಳಿದ್ದೂ ಅದೇ. ಈಗ ಜೀವನದಲ್ಲಿ ಒಂದು ಸಲ ಅದು ನಿಜವಾಗಿತ್ತು, ನಂಬುವವರು ಯಾರು?

ಮುನಿವೆಂಕಟಪ್ಪನವರ ಮನೆ ತೋಟದ ಅಂಚಿನಲ್ಲೇ. ಅವರು ಜಗಲಿಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಅದೇ ಕಾರ್ಡು. ನನ್ನನ್ನು ಕೂರಿಸಿದರು. ರತ್ನಮ್ಮ ಕಂಬಕ್ಕೆ ಒರಗಿ ನಿಂತಳು. ಹುಟ್ಟಿ ಬೆಳೆದ ಮನೆಯ ಕಂಬ.

‘ನಿಮ್ ಜತೇಲಿ ಬಂದೋರು ಕಾಪಿ ಕುಡೀತಾರಾ ಕೇಳಮ್ಮ’ ಎಂದರು ನನಗೆ.

‘ನಂಗ್ ಬ್ಯಾಡ ಅಂತ ಏಳು ಶಾರದಮ್ಮ’ ಎಂದಳು ರತ್ನಮ್ಮ.

ನಾನು ಎರಡೂ ಕಡೆಗೆ ತಲೆಯಾಡಿಸಿ, ಕರೆಂಟಿನ ಕಥೆ ಹೇಳಿದೆ. ಅವರು ಮೂಗಿನಲ್ಲಿ ನಕ್ಕರು.

‘ಕರೆಂಟು ಎಲ್ರನ್ನೂ ಬುಟ್ಟು ನನ್ನೆಸ್ರೇ ತಿಂತಾ? ನಲ್ವತ್ತು ಎಸ್ರಲ್ಲಿ ನಂದೇ ರುಚಿಯಾಗಿತ್ತಾ?’

ಮಿಷಿನ್ನು, ಕೂಗು, ಹಾಲು, ಅತ್ತೆಯ ರಾಗಿ ಡಬ್ಬಿ, ಒಂದೂ ಬಿಡದೆ ಹೇಳಿದೆ. ಹೇಳುತ್ತಾ ಹೋದಂತೆ ಅವರ ಮುಖ ಸ್ವಲ್ಪ ಬದಲಾಯಿತು. ಮೋಟಾರು ಎಷ್ಟು ಎಚ್‌ಪಿ ಎಂದು ಕೇಳಿದರು. ಬೆಲ್ಟು ಬಿಗಿ ಇರಬೇಕು ಎಂದರು. ತಮ್ಮ ಬೋರ್‌ವೆಲ್ಲಿನ ಮೋಟಾರು ಲೋ ವೋಲ್ಟೇಜಿಗೆ ಮೂರು ಸಲ ಸುಟ್ಟದ್ದನ್ನು, ಮೂರು ಸಲವೂ ಎತ್ತಿ ಕಾಯಿಲ್ ಕಟ್ಟಿಸಿದ್ದನ್ನು, ತೀರಿಹೋದ ಎತ್ತುಗಳ ಬಗ್ಗೆ ಹೇಳುವ ದನಿಯಲ್ಲಿ ಹೇಳಿದರು.

‘ನಿಮ್ಮನ್ನ ನಂಬ್ತೀನಮ್ಮ. ಇವ್ರನ್ನ ನಂಬಲ್ಲ, ಕರೆಂಟ್ನ ನಂಬ್ತೀನಿ. ಅದು ಮಾಡೋದೇ ಅಂಗೆ. ಆದ್ರೆ ಕಾರ್ಡ್ ಓದ್ದೋರ ಮನೆಮನೆಗೂ ಓಗಿ ಏಳ್ತೀರಾ, ಮಿಷಿನ್ ಆಕ್ಬುಟ್ರು ಅಂತ?’

ಉಳಿದ ಕಾರ್ಡುಗಳಲ್ಲಿ ಪೆನ್ನಿನಿಂದ ಬರೆದುಕೊಡುತ್ತೇನೆ ಎಂದೆ.

‘ಪೆನ್ನಲ್ ಬರುದ್ರೆ, ಮರ್ತೋಗಿ ಆಮ್ಯಾಕೆ ಸೇರ್ಸಿದಂಗೆ ಕಾಣ್ತದೆ.’

ನಡೆದದ್ದೂ ಅದೇ. ರತ್ನಮ್ಮ ಕಂಬ ಬಿಟ್ಟಳು. ‘ಬಾ ಶಾರದಮ್ಮ ಓಗನ, ಬಸ್ ತಪ್ತದೆ’ ಎಂದು ಒಂದು ಕಾಲು ಚಪ್ಪಲಿಯೊಳಗೆ ತೂರಿಸಿದಳು. ಅವಳ ದನಿಯಲ್ಲಿ ಇನ್ನು ಕೇಳಲು ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಪಕ್ಕದ ತೋಟದಿಂದ ಯಾರೋ ‘ತ್ರೀ ಫೇಸ್ ಬಂತೂ!’ ಎಂದು ಕೂಗಿದರು.

ಮುನಿವೆಂಕಟಪ್ಪನವರು ಕೂತಿದ್ದವರು ಇದ್ದಂತೆಯೇ ಎದ್ದು ಓಡಿದರು, ಕೈಯಲ್ಲಿ ಕಾರ್ಡು. ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸಿನ ಕರೆಂಟು ದಿನಕ್ಕೆ ಕೆಲವೇ ಗಂಟೆ, ಅದೂ ತನಗೆ ಮನಸ್ಸು ಬಂದಾಗ. ಬಂದಾಗ ವೋಲ್ಟೇಜು ಸಾಲದಿದ್ದರೆ ಸ್ಟಾರ್ಟರಿನ ಗುಂಡಿ ನಿಲ್ಲದೆ ಹಿಂದಕ್ಕೆ ಹಾರುತ್ತದೆ. ಹಾರದಿರಲೆಂದು ಎಲ್ಲರೂ ಸಂದಿಗೆ ಏನಾದರೊಂದು ತುರುಕುತ್ತಾರೆ; ತುರುಕಿದ ಮೇಲೆ ಮೋಟಾರನ್ನು ಕಾಯುವುದು ಯಾವುದೂ ಇರುವುದಿಲ್ಲ. ಆದ್ದರಿಂದ ಒಬ್ಬರು ಮನೆ ಬಾಗಿಲಲ್ಲಿ ನಿಂತು ಬಲ್ಬು ನೋಡಿ ಕೂಗಬೇಕು. ಮಂಕಾದರೆ ಆಫ್ ಮಾಡಬೇಕು, ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ. ನಾನು ಮಿಷಿನ್ ಮನೆಯ ಕೂಗನ್ನು ಜಗತ್ತಿನಲ್ಲಿ ನಾವೇ ಕಂಡುಹಿಡಿದದ್ದು ಎಂದುಕೊಂಡಿದ್ದೆನಲ್ಲ, ಅದೂ ಸುಳ್ಳಾಯಿತು.

‘ಲೇ, ಬಲ್ಬ್ ನೋಡೇ!’ ಬೋರ್‌ವೆಲ್ ಕಡೆಯಿಂದ ಕೂಗು ಬಂತು, ಹೆಂಡತಿಗೆ.

ಕೊಟ್ಟಿಗೆಯಿಂದ ಹೆಂಡತಿಯ ದನಿ: ‘ಅಸೀನ್ ಕೆಚ್ಚಲು ಬುಡಂಗಿಲ್ಲ, ಒದೀತದೆ!’

ಆಮೇಲೆ ತೋಟದಾಚೆಯಿಂದ, ಹೆದರಿದ ದನಿಯಲ್ಲಿ:

‘ರತ್ನೀ! ಬಲ್ಬ್ ನೋಡೇ!’

ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿದು. ರತ್ನಮ್ಮ ಹಾಗೆಯೇ ಹೊಸ್ತಿಲಿಗೆ ಓಡಿದಳು. ಯಾವ ಬಲ್ಬು ಎಂದು ಕೇಳಲಿಲ್ಲ. ಕತ್ತು ಎತ್ತಿ ನಡುಮನೆಯ ತೊಲೆಗೆ ನೇತುಬಿದ್ದ ಬಲ್ಬನ್ನೇ ನೋಡಿ ಕೂಗಿದಳು.

‘ಮಂಕೈತೆ ಅಣ್ಣೋ! ಆರ್ಸು! ಆರ್ಸು!’

‘ಈಗ?’

‘ತಾಳು... ಇನ್ನೂ ಕೆಂಪ್ಗೈತೆ!’

‘ಈಗ್ಲೇ?’

‘ಬೆಳ್ಳುಗಾಯ್ತು! ಆಕ್ಕೋ ಅಣ್ಣೋ, ಆಕ್ಕೋ!’

ಮೋಟಾರು ಗುಂಯ್ಯೆಂದಿತು. ಸ್ವಲ್ಪ ಹೊತ್ತಿಗೆ ತೊಟ್ಟಿಗೆ ನೀರು ಬೀಳುವ ಸದ್ದು. ರತ್ನಮ್ಮ ಹೊಸ್ತಿಲ ಮೇಲೆಯೇ ನಿಂತು, ಬಲ್ಬಿನಿಂದ ಕಣ್ಣು ತೆಗೆಯದೆ, ಕೆನ್ನೆಯ ಮೇಲೆ ಇಳಿದದ್ದನ್ನು ತೋಳಿನಿಂದ ಒರೆಸಿಕೊಂಡಳು. ‘ನಾನು ಆರ್ನೇ ಕ್ಲಾಸಲ್ಲಿ ಇದ್ದಾಗ್ಲಿಂದ ನಂದೇ ಇದು ಕೆಲ್ಸ’ ಎಂದಳು, ನನಗೋ ಬಲ್ಬಿಗೋ.

ಕಾಲು ಗಂಟೆ ಬಿಟ್ಟು ಮುನಿವೆಂಕಟಪ್ಪನವರು ಒದ್ದೆ ಕೈ ಪಂಚೆಗೆ ಒರೆಸುತ್ತಾ ಬಂದರು. ಕೈಯಲ್ಲಿ ಕಾರ್ಡು ಇರಲಿಲ್ಲ. ನಾನು ಅವರ ಕೈಯನ್ನೇ ನೋಡುತ್ತಿದ್ದುದನ್ನು ಕಂಡು, ‘ಸ್ಟಾರ್ಟ್ರು ಗುಂಡಿಗೆ ಸಿಗ್ಸಿವ್ನಿ. ರಟ್ಟು ದಪ್ಪಕ್ಕೈತೆ, ಗಟ್ಟಿಯಾಗಿ ನಿಂತದೆ’ ಎಂದರು. ಆಮೇಲೆ ಏನೋ ನೆನಪಾದವರಂತೆ, ‘ದೇವ್ರಿರೋ ಕಡೆ ಮಡ್ಸಿಲ್ಲ’ ಎಂದು ಸೇರಿಸಿದರು.

ಜಗಲಿಯ ಮೇಲೆ ಕೂತು, ತಂಗಿಯ ಬರಿಗಾಲನ್ನು ನೋಡುತ್ತಾ ಕೇಳಿದರು.

‘ಮೂರ್ತ ಎಷ್ಟೊತ್ಗೆ?’

‘ಕಾರ್ಡಲ್ಲೈತಲ್ಲ.’

‘ಕಾರ್ಡು ಮೋಟ್ರಲ್ಲೈತೆ. ಬಾಯಲ್ ಏಳು.’

‘ಬೆಳಿಗ್ಗೆ ಒಂಬತ್ತೂಕಾಲ್ಗೆ. ನೀನು ಇಂದಿನ್ ದಿನ್ವೇ ಬರ್ಬೇಕು.’

‘ತ್ರೀ ಫೇಸ್ ಯಾವೊತ್ಗೆ ಕೊಡ್ತಾರೋ ಕೇಳ್ಕೊಂಡು ಬತ್ತೀನಿ’ ಎಂದರು.

ಇದರ ಶ್ರೇಯಸ್ಸನ್ನು ಕರೆಂಟಿಗೆ ಕೊಡಬೇಕೆಂದು ಬಸ್ಸಿನಲ್ಲಿ ರತ್ನಮ್ಮ ಹೇಳಿದಳು. ನಾನು ಒಪ್ಪಲಿಲ್ಲ. ಹೆಸರು ತಿಂದದ್ದು ಅದು. ಆಮೇಲೆ ನಾಲ್ಕು ನಿಮಿಷ ಮಂಕಾಗಿ ಉರಿದ ಮಾತ್ರಕ್ಕೆ ಅದಕ್ಕೆ ಹಾರ ಹಾಕುವಷ್ಟು ನಾನು ಒಳ್ಳೆಯವಳಲ್ಲ. ಅವಳು ವಾದಿಸಲಿಲ್ಲ. ಅತ್ತಿಗೆ ಕೊಟ್ಟ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಬಂಗಾರಪೇಟೆ ಬರುವವರೆಗೂ ಅದರ ಮುಚ್ಚಳ ಸರಿಯಾಗಿದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಹಸು ಕರು ಹಾಕಿ ನಾಲ್ಕೇ ದಿನವಾಗಿತ್ತು. ಡಬ್ಬಿಯಲ್ಲಿ ಗಿಣ್ಣು ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ನನಗೆ ಕೊಟ್ಟಳು.

ರಾತ್ರಿ ದಂಟಿನ ಸೊಪ್ಪಿನ ಬಸ್ಸಾರು, ಮುದ್ದೆ, ಮೇಲೆ ಆ ಗಿಣ್ಣು. ಬೆಲ್ಲ ಸ್ವಲ್ಪ ಮುಂದಾಗಿತ್ತು. ಅತ್ತೆ ಎರಡು ಸಲ ಹಾಕಿಸಿಕೊಂಡು, ‘ರತ್ನಮ್ಮನ ಅಣ್ಣ ಬತ್ತಾನಂತಾ?’ ಎಂದು ಕೇಳಿದರು. ಬರುತ್ತಾರಂತೆ ಎಂದೆ. ‘ಅಂಗಾದ್ರೆ ಸರಿ’ ಎಂದು ಬಾಯಿ ಒರೆಸಿಕೊಂಡು, ಚಾಪೆಗೆ ಹೋದವರೇ ಮೊದಲು ನಿದ್ದೆ ಹೋದರು. ಆಮೇಲೆ ನಮ್ಮನೆಯವರು, ಕಾಲು ತೊಳೆಯದೆ. ಗಿಣ್ಣಿನ ಪಾತ್ರೆ ತಿಕ್ಕಿಟ್ಟು ನಾನು ಕೊನೆಗೆ.